ಕೂಸಿನ ಕುಲಾವಿಗೆ ಯಾವ ದಾರ ತರಬೇಕು?

ಅಕ್ಕಾ, ನಿಮ್ಮ ಎರಡೂ ಪ್ರಶ್ನೆ ಓದಿದೆ. ತಂಗಿ ಡಿಸೆಂಬರ್‌ನಲ್ಲಿ ಬಾಣಂತನಕ್ಕೆ ವಿಜಯಪುರಕ್ಕೆ ಬರುತ್ತಾರೆ, ಕೂಸಿಗೆ ಕುಲಾವಿ, ಸ್ವೆಟರ್ ಹೆಣೆಯಬೇಕು, ಅಂಗಡಿಯಲ್ಲಿ ತೋರಿಸಿದ ‘ಉಲ್ಲನ್’ ಮೆತ್ತಗಿದೆ, ತರಲಾ ಅಂತ ಒಂದು. ನಿಮಗೇ ಹೆಣೆದುಕೊಂಡ ಕಾಟನ್ ಸ್ವೆಟರ್ ನಾಲ್ಕು ಸಲ ಒಗೆಯುವಷ್ಟರಲ್ಲಿ ಜೋತು ಬಿದ್ದಿದ್ದು ಯಾಕೆ ಅಂತ ಇನ್ನೊಂದು.

ಕೂಸಿನದು ಮೊದಲು. ನಮ್ಮ ಕಡೆ ಉಲ್ಲನ್ ಅಂತ ಮಾರುವ ದಾರ ಬಹಳ ಸಲ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಜಾತಿಯ ಕೃತಕ ದಾರ, ಆಗಿರುತ್ತದೆ. ಅದು ಕೆಟ್ಟದ್ದು ಅಂತಲ್ಲ. ಅಗ್ಗ, ಒಗೆಯೋದು ಸುಲಭ. ದೊಡ್ಡವರ ಮಫ್ಲರ್‌ಗೆ ನಾನೂ ಅದನ್ನೇ ತರುತ್ತೇನೆ. ಆದರೆ ಬಾಣಂತಿ ಕೋಣೆಯಲ್ಲಿ ಕೆಂಡದ ಶೆಗಡಿ ಇರುತ್ತದೆ, ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಾಕುವ ರೂಢಿ ಬೇರೆ. ಅಕ್ರಿಲಿಕ್‌ಗೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕಾಟನ್‌ಗೂ ಬೆಂಕಿ ಹತ್ತುತ್ತದೆ, ಆದರೆ ಹಾಗೆ ಅಂಟುವುದಿಲ್ಲ. ಉಣ್ಣೆಗೆ ಬೇಗ ಉರಿ ಹತ್ತುವುದೇ ಇಲ್ಲ. ದಾರ ಯಾವುದೇ ಇರಲಿ, ಕೂಸನ್ನು ಶೆಗಡಿಯಿಂದ ದೂರ ಇಡಿ. ಹೊಗೆ ಹಾಕುವುದನ್ನು ಬಿಟ್ಟರೆ ಇನ್ನೂ ಒಳ್ಳೆಯದು.

ಅಂಗಡಿಯವರ ಮಾತಿಗಿಂತ ಸುಟ್ಟು ನೋಡಿದರೆ ಖಾತ್ರಿ. ಗೇಣುದ್ದ ಎಳೆ ಕತ್ತರಿಸಿಕೊಳ್ಳಿ. ಕಿಟಕಿ ಪಕ್ಕ ಸ್ಟೀಲ್ ತಾಟಿನ ಮೇಲೆ ಚಿಮಟದಲ್ಲಿ ಹಿಡಿದು ತುದಿಗೆ ಕಡ್ಡಿ ಗೀರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉರಿ ತಾನೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಕಾಟನ್ ಕಾಗದ ಸುಟ್ಟ ವಾಸನೆ ಬೀರಿ ಮೆತ್ತನೆ ಬೂದಿ ಬಿಡುತ್ತದೆ. ಅಕ್ರಿಲಿಕ್ ಮುದುಡಿ, ಕರಗಿ, ಕರೀ ಹೊಗೆ ಬಿಟ್ಟು ತುದಿಯಲ್ಲಿ ಗಟ್ಟಿ ಕರಿ ಮಣಿ ಆಗುತ್ತದೆ. ಆರುವ ತನಕ ಅದನ್ನು ಮುಟ್ಟಬೇಡಿ.

ಕುಲಾವಿಗೆ ನನ್ನ ಆಯ್ಕೆ ಮೆತ್ತನೆ, ಹಲವು ಎಳೆ ಹುರಿ ಮಾಡಿದ ಕಾಟನ್. ಸ್ವೆಟರ್‌ಗೆ ಕೈಯಲ್ಲಿ ದುಡ್ಡಿದ್ದರೆ ಮೆರಿನೊ ಕುರಿಯ ನಯವಾದ ಉಣ್ಣೆ, ಅದೂ ಲೇಬಲ್ ಮೇಲೆ ‘ಸೂಪರ್‌ವಾಶ್’ ಅಂತ ಇರುವುದು. ಮಾಮೂಲಿ ಉಣ್ಣೆಯ ಎಳೆಯ ಮೇಲೆ ಸಣ್ಣ ಪೊರೆಗಳಿರುತ್ತವೆ. ಬಿಸಿನೀರಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ. ಸೂಪರ್‌ವಾಶ್ ಅಂದರೆ ಹಾಗೆ ಕುಗ್ಗದಂತೆ ಮೊದಲೇ ಹದ ಮಾಡಿದ ಉಣ್ಣೆ. ಕೂಸಿನ ಬಟ್ಟೆ ದಿನಾ ಒಗೆಯೋದು, ಅದಕ್ಕೇ ಹೇಳಿದೆ.

ನಮ್ಮ ದಖ್ಖನಿ ಕುರಿಯ ಕರಿ ಉಣ್ಣೆ ಸಿಗುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಕಂಬಳಿಗೇ ಸರಿ, ಮೈಗೆ ಚುಚ್ಚುತ್ತದೆ. ಈ ಸಲ ನಾನು ಅದರಲ್ಲಿ ಸಂತೆಗೆ ಒಯ್ಯುವ ಚೀಲ ಹೆಣೆದೆ. ಎಷ್ಟು ಭಾರ ಹಾಕಿದರೂ ಆಕಾರ ಕೆಡುತ್ತಿಲ್ಲ. ಬಹಳ ಖುಷಿ ಕೊಟ್ಟ ಕೆಲಸ.

ಈಗ ನಿಮ್ಮ ಸ್ವೆಟರ್. ಉಣ್ಣೆಯ ಎಳೆಯಲ್ಲಿ ಹುಟ್ಟಾ ಗುಂಗುರು ಇರುತ್ತದೆ, ಎಳೆದು ಬಿಟ್ಟರೆ ವಾಪಸ್ ಬರುತ್ತದೆ. ಕಾಟನ್‌ಗೆ ಆ ಗುಣ ಕಮ್ಮಿ. ಮೇಲಾಗಿ ದಾರವೂ ಭಾರ, ನೀರು ಕುಡಿದರೆ ಇನ್ನೂ ಭಾರ. ಹಗ್ಗಕ್ಕೆ ನೇತು ಹಾಕಿದ್ದೀರಿ ಅನಿಸುತ್ತದೆ, ಅಲ್ವಾ? ಟವೆಲ್‌ನಲ್ಲಿ ಸುತ್ತಿ ನೀರು ಹಿಂಡಿ, ನೆರಳಲ್ಲಿ ಹಾಸಿ ಒಣಗಿಸಿ. ಮುಂದಿನ ಸಲ ಹೆಣೆಯುವ ಕಡ್ಡಿ ಒಂದು ಸೈಜ್ ಸಣ್ಣದು ಹಿಡಿಯಿರಿ. 10 ಸೆಂ.ಮೀ. ಚೌಕದ ಮಾದರಿ ತುಂಡು ಹೆಣೆದು, ಒಗೆದು, ಒಣಗಿದ ಮೇಲೆ ಅಳತೆ ತಗೊಳ್ಳಿ. ಒಗೆಯದೆ ಅಳೆದರೆ ಸುಮ್ನೆ.

ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಕಾಟನ್ ದಾರ ಸಿಗುತ್ತದೆ ಅಂತ ಹಾಗೇ ಹೆಣೆಯಲು ಕೂರಬೇಡಿ. ಒಂಟಿ ಎಳೆಗೆ ಹುರಿ ಜಾಸ್ತಿ ಇದ್ದರೆ ಹೆಣೆದ ಬಟ್ಟೆ ಓರೆ ತಿರುಗುತ್ತದೆ. ಆ ದಾರದ ದಪ್ಪ ಹೇಳುವ ಕೌಂಟ್ ನಂಬರ್ ಜಾಸ್ತಿ ಆದಷ್ಟು ದಾರ ತೆಳು. ಹಲವು ಎಳೆ ಸೇರಿಸಿ, ಅವುಗಳ ಹುರಿಗೆ ಎದುರು ದಿಕ್ಕಿನಲ್ಲಿ ತಿರುವಿದರೆ ಸರಿಹೋಗುತ್ತದೆ. ಸಹನೆ ಬೇಕು, ಆದರೆ ಪಾತ್ರೆ ಹಿಡಿಯುವ ಬಟ್ಟೆ, ಟೇಬಲ್ ಮ್ಯಾಟ್ ಚೆನ್ನಾಗಿ ಬರುತ್ತವೆ.

ಕೊಳ್ಳುವಾಗ ಎಲ್ಲಾ ಉಂಡೆಯ ಲೇಬಲ್ ಮೇಲೂ ಒಂದೇ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ದಾರದ ಗುರುತು) ಇದೆಯಾ ನೋಡಿ. ಬೇರೆ ಲಾಟ್ ಆದರೆ ಬಣ್ಣದ ಗೆರೆ ಎದ್ದು ಕಾಣುತ್ತದೆ. ಮಧ್ಯಮ ದಪ್ಪದ ದಾರ, 4 ಮಿ.ಮೀ. ಕಡ್ಡಿ ಆದರೆ ಕುಲಾವಿಗೆ 50 ಗ್ರಾಂ, ಸ್ವೆಟರ್‌ಗೆ 150 ಗ್ರಾಂ ಸಾಕು, ಇನ್ನೊಂದು ಉಂಡೆ ಕೈಲಿರಲಿ. ಹುಟ್ಟಿದ ಕೂಸಿನ ತಲೆ ಸುತ್ತಳತೆ ಸುಮಾರು 35 ಸೆಂ.ಮೀ. ಕುಲಾವಿಗೆ ಉದ್ದ ಲಾಡಿ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುವ ಭಯ. ಸ್ವೆಟರ್ ಮುಂದೆ ತೆರೆಯುವಂತಿರಲಿ. ಅಂಗಡಿಯ ದಾರ ಸುಟ್ಟಾಗ ಏನಾಯ್ತು ಅಂತ ಇಲ್ಲೇ ಬರೆಯಿರಿ, ಅದನ್ನು ನೋಡಿ ಎಷ್ಟು ಸ್ಟಿಚ್ ಹಾಕಬೇಕು ಅಂತ ಹೇಳುತ್ತೇನೆ.