ಆಡಿಯೊದ ಗಂಟೆ ಬೇರೆ, ದುಡಿಮೆಯ ಗಂಟೆ ಬೇರೆ

ಪ್ರಶ್ನೆ: ಮನೆಯಿಂದಲೇ ಆಡಿಯೊ ಕೇಳಿ ಕನ್ನಡದಲ್ಲಿ ಟೈಪ್ ಮಾಡಿಕೊಡುವ ಟ್ರಾನ್ಸ್‌ಕ್ರಿಪ್ಷನ್ ಕೆಲಸಕ್ಕೆ ಎರಡು ಕಂಪನಿಗಳು ಕರೆದಿವೆ. ಒಂದು ಕಡೆ ಆಡಿಯೊದ ಪ್ರತಿ ನಿಮಿಷಕ್ಕೆ 20 ರೂಪಾಯಿ, ಇನ್ನೊಂದು ಕಡೆ ಒಂದು ಗಂಟೆಯ ಆಡಿಯೊಗೆ 1,500 ರೂಪಾಯಿ. ಎರಡನೆಯದೇ ಲಾಭವಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಮೊದಲನೆಯದು ಗಂಟೆಗೆ 1,200 ಆಗುತ್ತದೆ, ಹಾಗಾಗಿ ಮೇಲುನೋಟಕ್ಕೆ ಎರಡನೆಯದೇ ಹೆಚ್ಚು. ಆದರೆ ಇದು ಆಡಿಯೊದ ಗಂಟೆ, ನೀವು ಕೂತು ದುಡಿಯುವ ಗಂಟೆಯಲ್ಲ. ಒಬ್ಬರೇ ಸ್ಪಷ್ಟವಾಗಿ ಮಾತಾಡಿರುವ ಒಂದು ಗಂಟೆಯ ಆಡಿಯೊ, ಕೈ ಪಳಗಿದವರಿಗೂ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಹೊಸಬರಿಗೆ ಆರೇಳು. ನಾಲ್ಕೈದು ಜನ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಿದ್ದು, ಹಿಂದೆ ಫ್ಯಾನಿನ ಸದ್ದೂ ಇದ್ದರೆ ಇನ್ನೂ ಹೆಚ್ಚು.

ಅದಕ್ಕೇ ಒಪ್ಪುವ ಮುಂಚೆ ಎರಡೂ ಕಡೆಯಿಂದ ನಿಜವಾದ ಕೆಲಸದ್ದೇ ಹತ್ತು ನಿಮಿಷದ ಮಾದರಿ ಕೇಳಿ ತರಿಸಿಕೊಳ್ಳಿ. ಗಡಿಯಾರ ನೋಡಿಕೊಂಡು ಟೈಪ್ ಮಾಡಿ. ಕೊನೆಗೊಮ್ಮೆ ಕೇಳಿ ತಿದ್ದುವ ಹೊತ್ತನ್ನೂ ಸೇರಿಸಿ. ಮೊದಲನೆಯದಕ್ಕೆ 50 ನಿಮಿಷ ಹಿಡಿದರೆ ಗಂಟೆಯ ಆಡಿಯೊಗೆ ಐದು ಗಂಟೆ. ನಿಮ್ಮ ಗಂಟೆಗೆ 240 ರೂಪಾಯಿ. ಎರಡನೆಯದಕ್ಕೆ 80 ನಿಮಿಷ ಹಿಡಿದರೆ ಎಂಟು ಗಂಟೆ. ನಿಮಗೆ ದಕ್ಕುವುದು 187 ರೂಪಾಯಿ ಚಿಲ್ಲರೆ.

ಹೊತ್ತು ಎಲ್ಲಿ ಹೋಗುತ್ತದೆ ಗೊತ್ತೇ? ‘ಅದೇನಂದ್ರೆ... ಅದೇನಂದ್ರೆ ನಾವು, ಹ್ಞಾಂ, ನಾವು ಹೋದ್ವಿ’ ಎಂಬುದನ್ನು ತಡವರಿಕೆ ಸಮೇತ ಇದ್ದ ಹಾಗೇ ಬರೆಯಬೇಕೋ, ‘ಅದೇನಂದ್ರೆ ನಾವು ಹೋದ್ವಿ’ ಎಂದರೆ ಸಾಕೋ ಕೇಳಿಕೊಳ್ಳಿ. ಮೊದಲ ಬಗೆಯಲ್ಲಿ ಒಂದೇ ವಾಕ್ಯವನ್ನು ಮೂರು ಸಲ ಹಿಂದಕ್ಕೆ ಎಳೆದು ಕೇಳಬೇಕಾಗುತ್ತದೆ. ಪ್ರತಿ ಮಾತುಗಾರನ ಹೆಸರು, ಸಮಯದ ಗುರುತು ಹಾಕಬೇಕೆಂದರೆ ಮತ್ತಷ್ಟು ಹೊತ್ತು. ಇವಕ್ಕೆ ಪ್ರತ್ಯೇಕ ದರ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಆಮೇಲೆ ಹಣದ ಮಾತು. ಎಷ್ಟು ದಿನಕ್ಕೆ ಕೊಡುತ್ತಾರೆ, ತಪ್ಪು ಎಂದು ವಾಪಸ್ ಕಳಿಸಿದ ಫೈಲನ್ನು ತಿದ್ದಿಕೊಟ್ಟರೆ ಪೂರ್ತಿ ಹಣ ಸಿಗುತ್ತದೆಯೇ ಎಂಬುದು ಇಮೇಲಿನಲ್ಲಿ ಬರಹವಾಗಿ ಇರಲಿ. ವಿದೇಶಿ ಕಂಪನಿ ಪೇಪಾಲ್ ಮೂಲಕ ಕೊಡುವುದಾದರೆ ಶುಲ್ಕ ಹೋಗುತ್ತದೆ, ಡಾಲರ್ ರೂಪಾಯಿ ಆಗುವಾಗಲೂ ಸ್ವಲ್ಪ ಸೋರುತ್ತದೆ. ಲೆಕ್ಕ ಹಾಕುವಾಗ ಅದನ್ನು ಕಳೆಯಿರಿ.

ಇನ್ನೊಂದು: ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆಯಾದ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಫೈಲ್ ನೇರ ವಾಪಸ್ ಬರುತ್ತದೆ.

ಪ್ರಶ್ನೆ: ಕೆಲಸ ಕೊಡುವ ಮೊದಲು 2,500 ರೂಪಾಯಿ ಠೇವಣಿ ಕೇಳುತ್ತಿದ್ದಾರೆ. ಕೊಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಬೇಡ. ಕೆಲಸ ಕೊಡುವವರು ಹಣ ಕೊಡಬೇಕು, ಕೇಳಬಾರದು. ಠೇವಣಿ ಕೇಳದೆ, ಆಧಾರ್ ಪ್ರತಿಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುವವರೂ ಇದ್ದಾರೆ. ವಾರದ ಬಳಿಕ ‘ತಪ್ಪು ಜಾಸ್ತಿ, ಒಪ್ಪಂದ ಮುರಿದಿದ್ದೀರಿ’ ಎಂದು ವಕೀಲರ ನೋಟಿಸಿನಂಥ ಕಾಗದ ಕಳಿಸಿ ದಂಡ ಕೇಳುತ್ತಾರೆ. ಹೆದರಿ ಕಟ್ಟಬೇಡಿ, ಅವರ ಮೆಸೇಜುಗಳನ್ನು ಅಳಿಸಬೇಡಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಿ.