ಹಾಸನದ ಸುದ್ದಿ, ನಾಲ್ಕು ಇಸಿಜಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಹಾಸನ ಜಿಲ್ಲೆಯವರು, ವಯಸ್ಸು 36. ಬೆಂಗಳೂರಿನ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. 2025ರ ಜುಲೈ ಕೊನೆಯಲ್ಲಿ ಪತ್ನಿಯ ಜತೆ ಬಂದರು. ಕಳಿಸಿದ್ದು ಅವರ ಮನೆ ಡಾಕ್ಟರು. ಚೀಟಿಯಲ್ಲಿ ಇದ್ದದ್ದು ಇಷ್ಟು: ಇಸಿಜಿ ನಾಲ್ಕು, ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ನಡೆಸುತ್ತಾ ತೆಗೆಯುವ ಇಸಿಜಿ), ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ನೋಡುವ ರಕ್ತಪರೀಕ್ಷೆ) ಎರಡು ಸಲ, ಎಲ್ಲವೂ ನಾರ್ಮಲ್, ಡಿ-ಡೈಮರ್ (ರಕ್ತ ಹೆಪ್ಪುಗಟ್ಟಿದ ಸುಳಿವು ಕೊಡುವ ರಕ್ತಪರೀಕ್ಷೆ) ಮತ್ತು ಸಿಟಿ ಆಂಜಿಯೋಗ್ರಾಂ (ರಕ್ತನಾಳಗಳ ಸ್ಕ್ಯಾನ್) ಬೇಕೆಂದು ಹಟ, ಬಿಪಿ 148/94, ದಿನಕ್ಕೆ ಐದಾರು ಸಿಗರೇಟು. ಕೊನೆಯ ಎರಡು ಸಂಗತಿಗಳ ಬಗ್ಗೆ ಅವರು ತಾವಾಗಿ ಒಂದು ಮಾತೂ ಆಡಲಿಲ್ಲ.

ಜೂನ್‌ನಿಂದ ಟಿವಿಯಲ್ಲಿ ಒಂದೇ ಸುದ್ದಿ. ಹಾಸನದಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರು, ಅದರಲ್ಲಿ ಹಲವರು ಹುಡುಗರು. ಊರಿನಿಂದ ತಾಯಿಯ ಫೋನು: "ಹುಷಾರು ಕಣಪ್ಪಾ, ಪಕ್ಕದೂರಲ್ಲಿ ಇನ್ನೊಬ್ಬ ಹೋದ್ನಂತೆ." ಭಾವನಿಂದ ವಾಟ್ಸಾಪ್: ಎಲ್ಲ ಲಸಿಕೆಯ ಪರಿಣಾಮ. ಇವರು 2021ರಲ್ಲಿ ಎರಡು ಡೋಸ್ ಕೋವಿಶೀಲ್ಡ್ ಹಾಕಿಸಿಕೊಂಡವರು. ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಕೈಗಡಿಯಾರದಲ್ಲಿ ನಾಡಿ 90 ದಾಟಿದರೆ ಫೋನು ಹಿಡಿಯುತ್ತಾರೆ, ಓದುತ್ತಾ ಹೋದಂತೆ ನಾಡಿ ಇನ್ನೂ ಏರುತ್ತದೆ. ಜನ ಜಯದೇವದ ಮುಂದೆ ಸಾಲುಗಟ್ಟಿದ ದಿನಗಳಲ್ಲಿ ಇವರೂ ಆ ಸಾಲಿನಲ್ಲಿ ನಿಂತಿದ್ದರು. ವಾಕಿಂಗ್ ಮಾಡುತ್ತಲೇ ಕುಸಿದುಬಿದ್ದವರ ವಿಡಿಯೋ ನೋಡಿ ಸಂಜೆಯ ನಡಿಗೆ ಬಿಟ್ಟರು. ಐದು ವರ್ಷದ ಮಗಳಿಗೆ ಹಾಕಿಸಬೇಕಿದ್ದ ಡಿಪಿಟಿ ಬೂಸ್ಟರನ್ನೂ "ನೋಡೋಣ" ಎಂದು ಮುಂದೂಡಿದರು. ಪತ್ನಿ ಬಂದದ್ದು ಮುಖ್ಯವಾಗಿ ಈ ಕಾರಣಕ್ಕೆ.

ಮನೆಯವರು ಸುಮ್ಮನೆ ಕೂತಿರಲಿಲ್ಲ. ಪತ್ನಿ, ತಮ್ಮ ಇಬ್ಬರೂ ದಿನವಿಡೀ "ಇದು ಸುಳ್ಳು" ಎಂಬ ಲಿಂಕ್‌ಗಳನ್ನು ಕಳಿಸುತ್ತಿದ್ದರು. ಅದು ಕೈಕೊಡುವುದಕ್ಕೆ ಕಾರಣವಿದೆ. ಆರೋಗ್ಯದ ಆತಂಕ ಇರುವವರಿಗೆ ಸಮಾಧಾನದ ಮಾತು ಅರ್ಧ ಗಂಟೆ ಹಿಡಿಯುತ್ತದೆ, ಆಮೇಲೆ ಇನ್ನೊಂದು ಬೇಕಾಗುತ್ತದೆ. ನಾಲ್ಕನೇ ಇಸಿಜಿ ಆಗಿದ್ದೂ ಹೀಗೆಯೇ. ಆದ್ದರಿಂದ ಮೊದಲ ಭೇಟಿಯಲ್ಲಿ ಸುದ್ದಿ ನಿಜವೋ ಸುಳ್ಳೋ ಎಂಬ ಚರ್ಚೆಗೇ ಹೋಗಲಿಲ್ಲ. ಎಚ್ಚರ, ಗಡಿಯಾರ, ಫೋನು, ಎದೆಬಡಿತ ಎಂಬ ಸುತ್ತನ್ನು ಕಾಗದದ ಮೇಲೆ ಬರೆಸಿದ್ದಷ್ಟೇ. ಮನೆಯವರಿಗೆ ಲಿಂಕ್ ಕಳಿಸುವುದನ್ನು ಪೂರ್ತಿ ನಿಲ್ಲಿಸಲು ಹೇಳಲಾಯಿತು.

ಎರಡನೇ ಭೇಟಿಗೆ ಅವರು ಮೂರು ಸುದ್ದಿಗಳ ಪ್ರಿಂಟ್ ತಂದರು. ಲೆಕ್ಕದ ಮನುಷ್ಯ, ಹಾಗಾಗಿ ಲೆಕ್ಕದಿಂದಲೇ ಶುರು.

"20ಕ್ಕೂ ಹೆಚ್ಚು, ಎಷ್ಟರಲ್ಲಿ?" ಎಂದು ಕೇಳಿದಾಗ ಉತ್ತರವಿರಲಿಲ್ಲ. ಸುದ್ದಿಯಲ್ಲೂ ಇರಲಿಲ್ಲ. ಹಾಸನ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 17.76 ಲಕ್ಷ. ವರ್ಷಕ್ಕೆ ಸಾವಿರ ಜನರಲ್ಲಿ ಆರು ಮಂದಿ ಸಾಯುತ್ತಾರೆಂದು ಹಿಡಿದರೂ ವರ್ಷಕ್ಕೆ 10,600, ದಿನಕ್ಕೆ 29, ನಲವತ್ತು ದಿನಕ್ಕೆ 1,100ಕ್ಕೂ ಹೆಚ್ಚು. ಇದರಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಪಾಲು ಕಾಲು ಭಾಗ ಎಂದು ಇಟ್ಟುಕೊಂಡರೆ 290ರ ಆಸುಪಾಸು. ಕ್ಯಾಲ್ಕುಲೇಟರ್ ಒತ್ತಿದ್ದು ಅವರೇ. ಟಿವಿಯ ಅಂಕಿ ಜಿಲ್ಲೆಯಲ್ಲಿ ಹೃದಯದ ಕಾಯಿಲೆಯಿಂದ ಸತ್ತವರ ಸಂಖ್ಯೆಯಲ್ಲ, ಟಿವಿಯ ತನಕ ತಲುಪಿದ ಸಾವುಗಳ ಸಂಖ್ಯೆ. ಒಮ್ಮೆ ಸರಣಿ ಶುರುವಾದ ಮೇಲೆ ವರದಿಗಾರರು ಹುಡುಕಿಕೊಂಡು ಹೋಗುತ್ತಾರೆ. ಹಿಂದಿನ ತಿಂಗಳಾಗಿದ್ದರೆ ಪತ್ರಿಕೆಗೇ ಬರದಿದ್ದ ಸಾವು ಈಗ ಬ್ರೇಕಿಂಗ್ ಆಗುತ್ತದೆ, ಶವಪರೀಕ್ಷೆಗೆ ಮೊದಲೇ ಕಾರಣವೂ ಅಂಟಿಕೊಳ್ಳುತ್ತದೆ. ಸರ್ಕಾರ ನೇಮಿಸಿದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿದಾಗ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದೇ ಆಗಿರಲಿಲ್ಲ.

ಇಷ್ಟರಿಂದ "ಏನೂ ಆಗಿಲ್ಲ" ಎಂದು ಸಾಬೀತಾಗುವುದಿಲ್ಲ, ಅದನ್ನೂ ಅವರಿಗೆ ಹೇಳಲಾಯಿತು. ಆ 290ರಲ್ಲಿ ಹೆಚ್ಚಿನವರು ವಯಸ್ಸಾದವರು. 45ರೊಳಗಿನವರ ಸಾವು ಏರಿದೆಯೇ ಎಂದು ತಿಳಿಯಬೇಕಾದರೆ ಅದೇ ಜಿಲ್ಲೆಯ, ಅದೇ ವಯಸ್ಸಿನವರ, ಹಿಂದಿನ ವರ್ಷಗಳ ಅದೇ ತಿಂಗಳ ಎಣಿಕೆ ಬೇಕು. ಸಮಿತಿ ಆಸ್ಪತ್ರೆಗಳ ದಾಖಲೆ ನೋಡಿ ಗಮನಾರ್ಹ ಏರಿಕೆ ಕಾಣಲಿಲ್ಲ ಎಂದಿತು. ಆಸ್ಪತ್ರೆಗೆ ಬರುವ ಮುನ್ನವೇ ಸತ್ತವರು ಆ ದಾಖಲೆಯಲ್ಲಿ ಪೂರ್ತಿ ಸಿಗುವುದಿಲ್ಲ ಎಂಬ ಮಿತಿ ಅದಕ್ಕೂ ಇದೆ. ಆತಂಕದವರ ಮುಂದೆ ಇಂಥ ಮಿತಿಗಳನ್ನು ಮುಚ್ಚಿಡುವ ಆಸೆಯಾಗುತ್ತದೆ. ಮುಚ್ಚಿಟ್ಟರೆ ರಾತ್ರಿ ಎರಡು ಗಂಟೆಗೆ ಅವರೇ ಹುಡುಕಿಕೊಳ್ಳುತ್ತಾರೆ, ಆಮೇಲೆ ನಮ್ಮ ಉಳಿದ ಮಾತಿಗೂ ಬೆಲೆ ಇರುವುದಿಲ್ಲ.

ಎರಡನೆಯ ಪ್ರಿಂಟ್ 2024ರ ಮೇ ತಿಂಗಳದ್ದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಅಧ್ಯಯನ, "ಲಸಿಕೆ ಪಡೆದ ಮೂವರಲ್ಲಿ ಒಬ್ಬರಿಗೆ ಅಡ್ಡಪರಿಣಾಮ". ಅದನ್ನು ಗಟ್ಟಿಯಾಗಿ ಓದಲು ಹೇಳಿದಾಗ ಎರಡನೇ ಸಾಲಿಗೇ ನಿಂತರು. ಅಧ್ಯಯನ ನಡೆದದ್ದು ಕೋವ್ಯಾಕ್ಸಿನ್ ಮೇಲೆ. ಇವರು ಹಾಕಿಸಿಕೊಂಡದ್ದು ಕೋವಿಶೀಲ್ಡ್. ಒಂದು ವರ್ಷದಿಂದ ಎತ್ತಿಟ್ಟುಕೊಂಡಿದ್ದ ಸುದ್ದಿ ಅವರ ಲಸಿಕೆಯದ್ದೇ ಅಲ್ಲ.

ಆದರೂ ಅಲ್ಲಿಗೆ ಬಿಡಲಿಲ್ಲ, ಯಾಕೆಂದರೆ ಇಂಥ ಅಧ್ಯಯನಗಳು ಮತ್ತೆ ಬರುತ್ತವೆ. ವರ್ಷ ಕಳೆದ ಮೇಲೆ ಫೋನು ಮಾಡಿ 635 ಹದಿಹರೆಯದವರನ್ನು, 291 ವಯಸ್ಕರನ್ನು "ನಿಮಗೆ ಏನಾದರೂ ಆಯಿತೇ" ಎಂದು ಕೇಳಿದ್ದರು. ಹೆಚ್ಚು ಜನ ಹೇಳಿದ್ದು ನೆಗಡಿ, ಗಂಟಲುನೋವಿನಂಥ ವೈರಲ್ ಸೋಂಕು: ಹದಿಹರೆಯದವರಲ್ಲಿ ಶೇ 47.9, ವಯಸ್ಕರಲ್ಲಿ ಶೇ 42.6. ವರ್ಷದಲ್ಲಿ ಒಮ್ಮೆ ನೆಗಡಿ ಲಸಿಕೆ ಹಾಕಿಸದವರಿಗೂ ಬರುತ್ತದೆ. ಎಷ್ಟು ಬರುತ್ತದೆ ಎಂದು ತಿಳಿಯಲು ಲಸಿಕೆ ಇಲ್ಲದವರ ಗುಂಪೊಂದು ಬೇಕು, ಅದು ಅಲ್ಲಿ ಇರಲಿಲ್ಲ. ಹೇಳಿದ್ದನ್ನು ವೈದ್ಯರ ದಾಖಲೆಯ ಜತೆ ತಾಳೆ ನೋಡಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಎತ್ತಿದ ಆಕ್ಷೇಪವೂ ಬಹುಮಟ್ಟಿಗೆ ಇದೇ. ಅದೇ ವರ್ಷ, ಪ್ರಕಟಿಸಿದ್ದ ವಿಜ್ಞಾನ ಪತ್ರಿಕೆಯೇ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಪ್ರಬಂಧದ ಶೀರ್ಷಿಕೆ ಹಾಕಿ ಹುಡುಕಿದರೆ ಹಿಂತೆಗೆತದ ಗುರುತು ಮೇಲೇ ಕಾಣುತ್ತದೆ. ಹುಡುಕುವುದನ್ನು ಅಲ್ಲೇ ತೋರಿಸಿಕೊಟ್ಟೆವು. ಹಿಂತೆಗೆದ ಸುದ್ದಿ ಮೊದಲ ಸುದ್ದಿಯಷ್ಟು ದೊಡ್ಡದಾಗಿ ಬರುವುದು ಅಪರೂಪ. ಅವರ ಭಾವನ ಗುಂಪಿಗೆ ಅದು ಬರಲೇ ಇಲ್ಲ.

ಮೂರನೆಯದು "ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ ಕಂಪನಿ". ಆಸ್ಟ್ರಾಜೆನೆಕಾ ಬ್ರಿಟನ್ನಿನ ಕೋರ್ಟಿಗೆ ಹೇಳಿದ್ದು, ತನ್ನ ಲಸಿಕೆಯಿಂದ (ಭಾರತದಲ್ಲಿ ಅದೇ ಕೋವಿಶೀಲ್ಡ್) ಅತಿ ವಿರಳವಾಗಿ ಟಿಟಿಎಸ್ ಆಗಬಹುದು ಎಂದು. ಪ್ಲೇಟ್‌ಲೆಟ್ ಕುಸಿದು ರಕ್ತ ಹೆಪ್ಪುಗಟ್ಟುವ ಆ ತೊಂದರೆಯನ್ನು ಯುರೋಪಿನ ಔಷಧ ನಿಯಂತ್ರಕರು 2021ರ ಏಪ್ರಿಲ್‌ನಲ್ಲೇ ಪಟ್ಟಿ ಮಾಡಿದ್ದರು. ಅದು ಬರುವುದು ಸಾಮಾನ್ಯವಾಗಿ ಡೋಸ್ ಆದ ಕೆಲವೇ ವಾರಗಳಲ್ಲಿ. ನಾಲ್ಕು ವರ್ಷದ ನಂತರ ಡಿ-ಡೈಮರ್ ಮಾಡಿಸಿದರೆ ಲಸಿಕೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಸೋಂಕು, ಗಾಯ ಹೀಗೆ ಹತ್ತು ಕಾರಣಕ್ಕೆ ಅದು ಏರುತ್ತದೆ, ಏರಿದರೆ ಮತ್ತೊಂದು ಸ್ಕ್ಯಾನ್. ಇದನ್ನು ಅವರ ಡಾಕ್ಟರ ಬಾಯಿಂದಲೇ ಹೇಳಿಸಲಾಯಿತು.

ಮೂರನೇ ಭೇಟಿಯಲ್ಲಿ ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು: "ಹಾಗಾದ್ರೆ ಸರಿಯಾದ ಅಧ್ಯಯನ ಹೇಗಿರುತ್ತೆ ಮೇಡಂ?"

18ರಿಂದ 45 ವರ್ಷದವರ ಹಠಾತ್ ಸಾವಿನ ಬಗ್ಗೆ ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಜತೆಗೆ ಕೂತು ನೋಡಿದೆವು. ದೇಶದ 47 ಆಸ್ಪತ್ರೆಗಳು, ಸತ್ತವರು 729, ಅವರದೇ ವಯಸ್ಸಿನ, ಅವರದೇ ಆಸುಪಾಸಿನ ಬದುಕಿರುವವರು 2,916. ಅಂದರೆ ಒಬ್ಬರಿಗೆ ನಾಲ್ವರು ಹೋಲಿಕೆಗೆ. ಎರಡು ಡೋಸ್ ಪಡೆದವರಲ್ಲಿ ಹಠಾತ್ ಸಾವಿನ ಸಂಭವ ಹೆಚ್ಚಿರಲಿಲ್ಲ, ಸುಮಾರು ಅರ್ಧದಷ್ಟಿತ್ತು. ಹೆಚ್ಚಿದ್ದದ್ದು ಸಾವಿಗೆ 48 ಗಂಟೆಯೊಳಗೆ ವಿಪರೀತ ಕುಡಿದವರಲ್ಲಿ, ಹಿಂದೆ ಕೋವಿಡ್‌ಗೆ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಇದ್ದವರಲ್ಲಿ. ಅವರ ಮುಖ ಅರಳಿತು, "ಅಂದ್ರೆ ಲಸಿಕೆ ಹಾರ್ಟನ್ನ ಕಾಪಾಡುತ್ತೆ!" ಇಲ್ಲ. ಲಸಿಕೆ ಹಾಕಿಸಿಕೊಂಡವರು ಮೊದಲೇ ಆರೋಗ್ಯದ ಕಡೆ ಗಮನ ಕೊಡುವವರಾಗಿರಬಹುದು. ಸತ್ತವರ ವಿವರ ಕೊಟ್ಟವರು ಮನೆಯವರು, ನೆನಪು ತಪ್ಪಿರಬಹುದು. ಅಪಾಯ ಹೆಚ್ಚಿಲ್ಲ ಎಂಬ ಮಾತಿಗೆ ಅಲ್ಲಿ ಬಲವಿದೆ, ಕಾಪಾಡುತ್ತದೆ ಎಂಬ ಮಾತಿಗೆ ಅಷ್ಟಿಲ್ಲ. ಹಿತವಾದ ಸುದ್ದಿಗೂ ಅದೇ ಅಳತೆಗೋಲು ಇಡದಿದ್ದರೆ ಕಲಿತದ್ದು ಎರಡು ವಾರವೂ ನಿಲ್ಲುವುದಿಲ್ಲ.

ಇಂಥ ಸುದ್ದಿಗಳಲ್ಲಿ ಬರುವ "ದುಪ್ಪಟ್ಟು ಅಪಾಯ" ಎಂಬ ಮಾತಿಗೆ ಒಂದು ಉದಾಹರಣೆ ಸಾಕಾಯಿತು. 1995ರಲ್ಲಿ ಬ್ರಿಟನ್ನಿನಲ್ಲಿ ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟು ಎಂಬ ಎಚ್ಚರಿಕೆ ಹೊರಟಿತು. ನಿಜವೇ, 7,000 ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ. ಹೆದರಿ ಸಾವಿರಾರು ಮಂದಿ ಮಾತ್ರೆ ಬಿಟ್ಟರು, ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಏರಿದವು, ಅಂದಾಜು 13,000 ಹೆಚ್ಚುವರಿ. ಬಸಿರೂ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ, ಆ ಮಾತ್ರೆಗಿಂತ ಜಾಸ್ತಿ. ಪತ್ನಿ ಇದನ್ನು ಕೇಳಿ ಮಗಳ ಬೂಸ್ಟರಿನ ಮಾತು ತೆಗೆದರು. ನಾವು ತೆಗೆಯಬೇಕಾಗಲಿಲ್ಲ.

ತೊಡಕು ಬಂದದ್ದು ಆಮೇಲೆ. ನಾಲ್ಕನೇ ಭೇಟಿಗೆ ಬರುವ ಹೊತ್ತಿಗೆ ಅವರು ಪಬ್‌ಮೆಡ್‌ನಲ್ಲಿ ರಾತ್ರಿ ಒಂದರ ತನಕ ಕೂರುತ್ತಿದ್ದರು. ಟಿವಿ ಬಿಟ್ಟು ಪ್ರಬಂಧ ಹಿಡಿದಿದ್ದರು, ಚಟ ಅದೇ. ಬುದ್ಧಿವಂತರಲ್ಲಿ ಇದು ಸಾಮಾನ್ಯ, ಮನೆಯವರಿಗೆ ಗೊತ್ತೂ ಆಗುವುದಿಲ್ಲ, ಓದುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಅದಕ್ಕೇ ಓದುವುದಕ್ಕೆ ಬೇಲಿ ಹಾಕಲಾಯಿತು. ವಾರಕ್ಕೆ ಒಂದೇ ಸುದ್ದಿ, 20 ನಿಮಿಷ, ಹಗಲಿನಲ್ಲಿ, ಕಾಗದದ ನೋಟ್‌ಬುಕ್ಕಿನಲ್ಲಿ. ಎಷ್ಟರಲ್ಲಿ ಎಷ್ಟು, ಯಾರ ಜತೆ ಹೋಲಿಕೆ, ಇಲಿಯ ಮೇಲೋ ಮನುಷ್ಯರ ಮೇಲೋ, ಆ ಮನುಷ್ಯರು ನನ್ನಂಥವರೋ. ಈ ನಾಲ್ಕಕ್ಕೆ ಒಂದೊಂದು ಸಾಲು. ಸುದ್ದಿಯಲ್ಲಿ ಉತ್ತರ ಇಲ್ಲದಿದ್ದರೆ "ಇಲ್ಲ" ಎಂದು ಬರೆದು ಮುಚ್ಚಬೇಕು, ಹುಡುಕಿಕೊಂಡು ಹೋಗುವಂತಿಲ್ಲ. ಕೈಗಡಿಯಾರ ರಾತ್ರಿ ಪತ್ನಿಯ ಬೀರುವಿಗೆ. ನಾಡಿ ನೋಡಬೇಕೆನಿಸಿದರೆ ಮೊದಲು 15 ನಿಮಿಷ ತಡೆಯುವುದು, ಮುಂದಿನ ವಾರ 30.

ಇದರ ಜತೆ ಇನ್ನೊಂದು ಚೀಟಿಯನ್ನು ಬರೆದುಕೊಟ್ಟೆವು, ಏಕೆಂದರೆ ಆತಂಕದವರಿಗೂ ಹೃದಯಾಘಾತ ಆಗುತ್ತದೆ. ಎದೆಯ ಮಧ್ಯೆ ಒತ್ತಿದಂಥ ನೋವು ಕೆಲವು ನಿಮಿಷವಾದರೂ ಇಳಿಯದಿದ್ದರೆ, ತೋಳಿಗೆ ಅಥವಾ ದವಡೆಗೆ ಹರಡಿದರೆ, ತಣ್ಣನೆ ಬೆವರು ಅಥವಾ ಉಸಿರುಗಟ್ಟುವಿಕೆ ಇದ್ದರೆ ಕಾಯುವಂತಿಲ್ಲ, 108. ಊರಿಗೆ ಹೋದಾಗ ಆದರೆ ತಾಲ್ಲೂಕು ಆಸ್ಪತ್ರೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಸ್ವಂತ ಬೈಕಿನಲ್ಲಿ ಹಾಸನಕ್ಕೋ ಬೆಂಗಳೂರಿಗೋ ಹೊರಡುವುದು ಬೇಡ.

ಕೊನೆಗೆ ಚೀಟಿಯ ಆ ಎರಡು ಸಂಗತಿಗಳಿಗೆ ಬಂದೆವು. 148/94 ಮತ್ತು ಸಿಗರೇಟು. ಲಸಿಕೆಯ ಭಯ ಇರುವ ತನಕ ಇವೆರಡಕ್ಕೆ ಅವರ ತಲೆಯಲ್ಲಿ ಜಾಗವೇ ಇರಲಿಲ್ಲ. ಹೊರಗಿನವರ ತಪ್ಪಿಗೆ ಹೆದರುವುದು ಸುಲಭ, ಜೇಬಿನಲ್ಲಿರುವ ಪ್ಯಾಕಿಗೆ ಯಾರು ಹೆದರುತ್ತಾರೆ? ಆತಂಕದ ಹೊತ್ತಿನಲ್ಲಿ ತೆಗೆದ ಬಿಪಿ ಏರಿರುವುದೂ ಉಂಟು. ಹಾಗಾಗಿ ಡಾಕ್ಟರು ಮನೆಯಲ್ಲಿ ಏಳು ದಿನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ ಬರೆಯಲು ಹೇಳಿದರು. ನೋಡುವ ಮೊದಲು ಐದು ನಿಮಿಷ ಬೆನ್ನು ಒರಗಿ ಕೂರಬೇಕು, ಅರ್ಧ ಗಂಟೆ ಮುಂಚೆ ಕಾಫಿ, ಸಿಗರೇಟು ಇರಬಾರದು. ಈ ಎಣಿಕೆಯೂ ಚಟವಾಗದಂತೆ ಯಂತ್ರವನ್ನು ಎಂಟನೇ ದಿನ ಕ್ಲಿನಿಕ್ಕಿಗೆ ವಾಪಸ್ ಕೊಡಬೇಕೆಂಬ ಕರಾರು. ಮೊದಲ ದಿನದ್ದು ಬಿಟ್ಟು ಸರಾಸರಿ 141/91 ಬಂತು. ಮನೆಯಲ್ಲಿ ನೋಡಿದಾಗ 135/85 ದಾಟಿದರೆ ಅದನ್ನು ಅಧಿಕ ರಕ್ತದೊತ್ತಡ ಎಂದೇ ಹಿಡಿಯುತ್ತಾರೆ.

ಐದನೇ ಭೇಟಿಯ ಹೊತ್ತಿಗೆ ಮಗಳ ಬೂಸ್ಟರ್ ಆಗಿತ್ತು. ನಿದ್ದೆ ಸುಧಾರಿಸಿದೆ, ಎರಡು ಗಂಟೆಯ ಎಚ್ಚರ ವಾರಕ್ಕೆ ಒಂದೆರಡು ಸಲ ಇದೆ. ನಡಿಗೆ ಮತ್ತೆ ಶುರು, ಸದ್ಯಕ್ಕೆ ಪತ್ನಿ ಜತೆಗಿದ್ದರೆ ಮಾತ್ರ. ಭಾವನ ಗುಂಪನ್ನು ಮ್ಯೂಟ್ ಮಾಡಿದ್ದಾರೆ, ಬಿಟ್ಟಿಲ್ಲ. ಸಂಬಂಧದ ವಿಷಯ, ಒತ್ತಾಯಿಸಲಿಲ್ಲ. ಸಿಗರೇಟು ಎರಡಕ್ಕೆ ಇಳಿದಿದೆ. ಬಿಪಿಗೆ ಡಾಕ್ಟರು ಮಾತ್ರೆ ಶುರುಮಾಡಿದ್ದಾರೆ. ಮುಂದಿನ ಭೇಟಿ ಆರು ವಾರದ ನಂತರ, ಲಿಪಿಡ್ ಪ್ರೊಫೈಲ್ ಮತ್ತು ನೋಟ್‌ಬುಕ್ಕಿನ ಜತೆ.