ಇಂಟರ್ನ್‌ಶಿಪ್‌ಗೆ ಕಾಲೇಜು-ಕಂಪನಿ ಒಪ್ಪಂದ ಯಾಕ ಬೇಕು, ನಾನೇ ಹೋಗಿ ಕೇಳಿದ್ರ ಆಗಂಗಿಲ್ಲೇನು?

ಕೇಳಬಹುದ್ರಿ, ಆದ್ರ ಒಪ್ಪಂದ ಇದ್ರ ನಿಮ್ಮ ಜವಾಬ್ದಾರಿ ಯಾರದು ಅನ್ನೋದು ಮೊದಲೇ ಬರೆದಿರ್ತದ, ಅದಕ್ಕೇ ಕಂಪನಿಯವ್ರು ಧೈರ್ಯ ಮಾಡಿ ಒಳಗ ಬಿಡ್ತಾರ. ನಮ್ಮ ಕಲಬುರಗಿ ಕಡೆ ವಾಡಿ, ಸೇಡಂ ಸಿಮೆಂಟ್ ಫ್ಯಾಕ್ಟರಿನೇ ನೋಡ್ರಿ, ಸುಣ್ಣದಕಲ್ಲು ಸುಡೋ ಆ ತಿರುಗೋ ಕೊಳವಿಯೊಳಗ ಮಾಲು ಸುಮಾರು 1450 ಡಿಗ್ರಿ ಕಾದಿರ್ತದ, ಅದರ ಹತ್ರ ಹೊಸ ಹುಡುಗುರ್ನ ನಿಲ್ಲಿಸ್ಬೇಕಂದ್ರ ಹೆಲ್ಮೆಟ್, ವಿಮೆ ಯಾರು ಕೊಡ್ತಾರ, ಕೆಲಸ ಯಾರು ಕಲಿಸ್ತಾರ, ಮಾರ್ಕ್ಸ್ ಯಾರು ಹಾಕ್ತಾರ ಎಲ್ಲಾ ಗೊತ್ತಿರ್ಬೇಕಲ್ಲ. 1906ರಾಗ ಅಮೆರಿಕದ ಸಿನ್ಸಿನಾಟಿ ಯೂನಿವರ್ಸಿಟಿಯೊಳಗ 27 ಮಂದಿ ವಿದ್ಯಾರ್ಥಿಗಳ ಜೊತಿ ಕಾಲೇಜು-ಕಂಪನಿ ಕೂಡಿ ಕಲಿಸೋ ಈ ಪದ್ಧತಿ ಶುರುವಾತು, ಒಂದ್ ವಾರ ಕ್ಲಾಸು ಒಂದ್ ವಾರ ಕಾರ್ಖಾನೆ. ಬರೇ ಸರ್ಟಿಫಿಕೇಟ್ ಕೊಡೋ ಒಪ್ಪಂದಕ್ಕ ಬೀಳಬ್ಯಾಡ್ರಿ, ಕಲಿಸೋರು ಯಾರು, ಸ್ಟೈಪೆಂಡ್ ಎಷ್ಟು ಅಂತ ಪ್ಲೇಸ್‌ಮೆಂಟ್ ಆಫೀಸರ್‌ಗೆ ಮೊದ್ಲೇ ಕೇಳ್ರಿ.